ನೇತಾಡುತ್ತಿದ್ದ ಎರಡನೇ ವೈರ್

ದಸರೆಯ ದಿನವೇ ಹೊಸ ಸರ್ವರ್ ಚಾಲೂ ಆಗುತ್ತದೆ ಎಂದು ನಮ್ಮ ಕಂಪನಿಯ ಮಾಲೀಕರು ಗ್ರಾಹಕರಿಗೆ ಮಾತು ಕೊಟ್ಟುಬಿಟ್ಟಿದ್ದರು. ಮಾತು ಕೊಡುವವರಿಗೇನು, ಕೊಟ್ಟು ಚಹಾ ಕುಡಿಯಲು ಹೋಗುತ್ತಾರೆ. ಕೆಲಸ ನನ್ನ ತಲೆಗೆ ಬಂತು. ಕೈಯಲ್ಲಿದ್ದದ್ದು ಒಂಬತ್ತು ದಿನ.

ನಾನಿರುವುದು ನಾಸಿಕದಲ್ಲಿ. ಗಂಡನಿಗೆ ಬ್ಯಾಂಕಿನ ವರ್ಗಾವಣೆಯಾಗಿ ಬೀದರಿನಿಂದ ಇಲ್ಲಿಗೆ ಬಂದವರು, ಇಲ್ಲಿಯೇ ನಿಂತೆವು. ಸರ್ವರ್ ಇದ್ದದ್ದು ಛತ್ರಪತಿ ಸಂಭಾಜಿನಗರದಲ್ಲಿ, ಒಂದು ಡೇಟಾ ಸೆಂಟರಿನಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ಅರ್ಧ ರ‍್ಯಾಕಿನಲ್ಲಿ. ಅಲ್ಲಿ ನಮ್ಮ ಪರವಾಗಿ ವೈರ್ ಹಚ್ಚಲು, ತೆಗೆಯಲು, ಡಿಸ್ಕ್ ಬದಲಿಸಲು ಒಬ್ಬರೇ ಒಬ್ಬರು ಟೆಕ್ನೀಷಿಯನ್. ಭಾಲ್ಕಿ ಕಡೆಯವರು, ವಯಸ್ಸು ಐವತ್ತೇಳು. ಟೆಲಿಫೋನ್ ಕೇಬಲ್ ಜೋಡಿಸುವ ಗುತ್ತಿಗೆ ಕೆಲಸದಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಕಳೆದು, ಅದು ನಿಂತುಹೋದ ಮೇಲೆ ಎರಡು ವರ್ಷ ಮನೆಯಲ್ಲಿ ಕೂತಿದ್ದವರು. ಅವರನ್ನು ಈ ಕೆಲಸಕ್ಕೆ ಹಚ್ಚಿದವಳು ನಾನೇ. ಗುರುತಿನ ಚೀಟಿ ಸಿಕ್ಕ ದಿನ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಅದನ್ನು ಹಾಕಿಕೊಂಡು ಫೋಟೊ ತೆಗೆಸಿ ನನಗೆ ಕಳಿಸಿದ್ದರು. ನಾನು ಅವರಿಗೆ ಕಾಕಾ ಎನ್ನುತ್ತೇನೆ. ಅವರು ನನಗೆ ಮೇಡಂರಿ ಎನ್ನುತ್ತಾರೆ, ಎಷ್ಟು ಹೇಳಿದರೂ ಬಿಡುವುದಿಲ್ಲ.

ನಮ್ಮ ಕಂಪನಿಯಲ್ಲಿ ಒಂದು ನಿಯಮವಿದೆ. ದೂರದಿಂದ ಏನು ಮಾಡಿಸಬೇಕಾದರೂ ಟಿಕೆಟ್ಟಿನಲ್ಲಿ, ಅಂದರೆ ಕಂಪ್ಯೂಟರಿನ ಕೆಲಸದ ಚೀಟಿಯಲ್ಲಿ, ಬರೆದು ಕಳಿಸಬೇಕು, ಅಲ್ಲಿಯವರು ಓದಿ, ಮಾಡಿ, ಮಾಡಿದ್ದೇವೆ ಎಂದು ಬರೆಯಬೇಕು. ನಾನೂ ಕಾಕಾ ಎಂದೂ ಹಾಗೆ ಮಾಡಿದವರಲ್ಲ. ದಿನವೆಲ್ಲ ಮರಾಠಿ, ಹಿಂದಿ ಮಾತಾಡಿ ದವಡೆ ನೋಯುವವಳಿಗೆ ಅವರಿಗೆ ಫೋನ್ ಹಚ್ಚಿ ಊರ ಮಾತಿನಲ್ಲಿ ಕೆಲಸ ಹೇಳುವುದೇ ಒಂದು ಸುಖ. ಬರೆಯುವುದು ಹೊರಗಿನವರಿಗೆ, ನಮ್ಮವರಿಗೆ ಏನು ಬರೆಯುವುದು ಎಂದು ನನ್ನ ವಾದ. ಮಾಲೀಕರು ನಗುತ್ತ, "ನಿಮ್ಮಿಬ್ಬರದು ಬೇರೆಯೇ ಸರ್ಕಾರ," ಎನ್ನುತ್ತಿದ್ದರು.

ಕೆಲಸ ಇಷ್ಟು. ಆ ಒಂದು ದೊಡ್ಡ ಸರ್ವರಿನ ಒಳಗೆ ಹಲವು ಸಣ್ಣ ಸರ್ವರ್‌ಗಳನ್ನು ತಂತ್ರಾಂಶದಲ್ಲೇ ಕಟ್ಟಬೇಕು. ಇವುಗಳಿಗೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಒಂದೊಂದನ್ನು ಒಬ್ಬೊಬ್ಬ ಗ್ರಾಹಕರಿಗೆ ಬಾಡಿಗೆಗೆ ಕೊಡುವುದೇ ನಮ್ಮ ಧಂದೆ. ಪ್ರತಿ ಮಷೀನಿಗೂ ಹೊರಗಿನಿಂದ ನೇರವಾಗಿ ತಲುಪುವ ಸ್ವಂತ ವಿಳಾಸ ಬೇಕು, ಆದರೆ ಹೊರಕ್ಕೆ ಹೋಗುವ ನೆಟ್‌ವರ್ಕ್ ಕಾರ್ಡ್ ಇರುವುದು ದೊಡ್ಡ ಸರ್ವರಿಗೆ ಮಾತ್ರ. ಹಾಗಾಗಿ ಸರ್ವರನ್ನು ನಡೆಸುವ ಲಿನಕ್ಸ್ ಒಳಗೆ ಒಂದು ಬ್ರಿಡ್ಜ್ ಕಟ್ಟುತ್ತೇವೆ. ಹಲವು ನೆಟ್‌ವರ್ಕ್ ವೈರುಗಳನ್ನು ಕೂಡಿಸುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತಾರೆ, ಇದು ಕಣ್ಣಿಗೆ ಕಾಣದ ಒಂದು ಸ್ವಿಚ್. ಒಂದು ಕಡೆ ನಿಜವಾದ ಕಾರ್ಡ್, ಇನ್ನೊಂದು ಕಡೆ ಸಣ್ಣ ಮಷೀನುಗಳು, ಎಲ್ಲವನ್ನೂ ಅದಕ್ಕೆ ಸಿಕ್ಕಿಸುವುದು. ಬರೆಯುವುದು ಹತ್ತು ಹದಿನೈದು ಸಾಲು. ನೂರು ಸಲ ಬರೆದಿದ್ದೇನೆ ಎಂಬ ಸೊಕ್ಕೂ ನನಗಿತ್ತು.

ಮೊದಲ ಸಲ ಹಾಕಿದಾಗಲೇ ಸಂಪರ್ಕ ಕಡಿದುಹೋಯಿತು. ವಿಳಾಸವನ್ನು ಕಾರ್ಡಿನಿಂದ ತೆಗೆದು ಬ್ರಿಡ್ಜಿಗೆ ಕೊಡಬೇಕು, ನಾನು ಎರಡೂ ಕಡೆ ಬಿಟ್ಟಿದ್ದೆ. ಪುಣ್ಯಕ್ಕೆ ನೂರಿಪ್ಪತ್ತು ಸೆಕೆಂಡಿನೊಳಗೆ ಒಪ್ಪಿಗೆ ಒತ್ತದಿದ್ದರೆ ತಾನಾಗಿ ಹಳೆಯ ಸ್ಥಿತಿಗೆ ಮರಳುವ ಕಮಾಂಡಿನಿಂದ ಹಾಕಿದ್ದೆ. ಆ ಎರಡು ನಿಮಿಷ ಕುರ್ಚಿಯಲ್ಲಿ ಕೂರಲಾಗದೆ ಅಡುಗೆಮನೆಗೂ ಹಾಲಿಗೂ ಓಡಾಡಿದೆ. ಸಂಪರ್ಕ ಮರಳಿ ಬಂದಾಗ ಗಡಿಯಾರಕ್ಕೇ ಕೈ ಮುಗಿಯಬೇಕು ಅನ್ನಿಸಿತು.

ಎರಡನೇ ಸಲ ಬ್ರಿಡ್ಜ್ ನಿಂತಿತು, ಆದರೆ ಒಳಗಿನ ಮಷೀನಿನಿಂದ ಒಂದು ತುಣುಕೂ ಹೊರಗೆ ಹೋಗಲಿಲ್ಲ. ಒಂದೂವರೆ ದಿನ ಹುಡುಕಿದೆ. ಹಿಂದೆ ಯಾರೋ ಆ ಸರ್ವರಿನಲ್ಲಿ ಹಾಕಿಟ್ಟಿದ್ದ ಬೇರೊಂದು ತಂತ್ರಾಂಶ ಬ್ರಿಡ್ಜಿನ ಮೇಲೆ ಹೋಗುವುದನ್ನೆಲ್ಲ ಫೈರ್‌ವಾಲಿಗೆ ತೋರಿಸಿ ತಡೆಯುತ್ತಿತ್ತು. ಒಂದು ಅಂಕಿಯನ್ನು ಒಂದರಿಂದ ಸೊನ್ನೆ ಮಾಡಿದೆ, ದಾರಿ ತೆರೆಯಿತು. ಒಂದೂವರೆ ದಿನ ಒಂದು ಸೊನ್ನೆಗಾಗಿ! ಬೈಯಲು ಯಾರೂ ಸಿಗದೆ ಗಂಡನನ್ನು ಬೈದೆ.

ಮೂರನೆಯದೇ ನಿಜವಾದ ತಪ್ಪು. ನಮ್ಮ ಗ್ರಾಹಕರದು ರಕ್ತ ತಪಾಸಣೆಯ ಲ್ಯಾಬುಗಳು. ಅವರ ಮಷೀನು ಎದ್ದ ಮೇಲೆ ಸುಮಾರು ಮೂವತ್ತು ಸೆಕೆಂಡ್ ನೆಟ್‌ವರ್ಕ್ ಸಿಗುತ್ತಿರಲಿಲ್ಲ, ಅಷ್ಟರಲ್ಲಿ ರಿಪೋರ್ಟ್ ಕೊಡುವ ಪ್ರೋಗ್ರಾಂ ಕಾದು ಕಾದು ಸತ್ತುಹೋಗುತ್ತಿತ್ತು. ಕಾರಣ ನನಗೆ ಗೊತ್ತಿತ್ತು. ಬ್ರಿಡ್ಜಿನಲ್ಲಿ ಎಸ್‌ಟಿಪಿ ಎಂಬ ಒಂದು ಕಾವಲು ಇರುತ್ತದೆ. ಯಾವುದೇ ಹೊಸ ಬಾಗಿಲು ತೆರೆಯುವ ಮೊದಲು ಅದು ಅರ್ಧ ನಿಮಿಷ ಕಿವಿಗೊಟ್ಟು ಕೇಳುತ್ತದೆ: ಈ ಬಾಗಿಲಿನಿಂದ ಹೋದದ್ದು ಇನ್ನೊಂದು ಬಾಗಿಲಿನಿಂದ ಸುತ್ತಿಕೊಂಡು ಮತ್ತೆ ಒಳಗೇ ಬರುತ್ತದೆಯೇ? ಬಂದರೆ ಒಂದನ್ನು ಮುಚ್ಚುತ್ತದೆ. ಇಲ್ಲದಿದ್ದರೆ ಒಂದೇ ಸಂದೇಶ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇದ್ದು, ಲಕ್ಷಗಟ್ಟಲೆ ಆಗಿ, ಸ್ವಿಚ್ಚಿನ ಉಸಿರು ಕಟ್ಟಿಸುತ್ತದೆ.

ಸರಿಯಾದ ದಾರಿ, ಪ್ರೋಗ್ರಾಮಿಗೆ ಕಾಯಲು ಕಲಿಸುವುದು. ನನಗೇ ಕಾಯಲು ಬರುವುದಿಲ್ಲ, ಇನ್ನು ಪ್ರೋಗ್ರಾಮಿಗೆ ಏನು ಕಲಿಸಲಿ? ಕಾವಲನ್ನೇ ತೆಗೆದುಹಾಕಿದೆ. ಆಗ ಆ ಎರಡು ನಿಮಿಷದ ಕಮಾಂಡ್, ಇಂಥ ಬದಲಾವಣೆಯನ್ನು ಹಿಂದಕ್ಕೆ ತರುವುದು ತನ್ನಿಂದಾಗದು ಎಂದು ಎಚ್ಚರಿಸಿತು. ನೇರವಾಗಿ ಹಾಕಿಬಿಟ್ಟೆ. ಜೊತೆಗೆ ಮುಂದೆ ಎರಡನೇ ವೈರ್ ಬೇಕಾದರೆ ಸೆಟ್ಟಿಂಗಿನ ಫೈಲನ್ನು ಮತ್ತೆ ಮುಟ್ಟುವುದೇಕೆ ಎಂದು ಸರ್ವರಿನ ಎರಡನೇ ಕಾರ್ಡನ್ನೂ ಬ್ರಿಡ್ಜಿಗೆ ಸೇರಿಸಿಟ್ಟೆ. ಅದರ ವೈರಿನ ಒಂದು ತುದಿ ಆಗಲೇ ರ‍್ಯಾಕಿನ ಸ್ವಿಚ್ಚಿನಲ್ಲಿ, ಮೊದಲನೇ ವೈರಿನ ಪಕ್ಕದಲ್ಲೇ ಇತ್ತು, ಇನ್ನೊಂದು ತುದಿ ಖಾಲಿ ನೇತಾಡುತ್ತಿತ್ತು. ಆ ತುದಿಯನ್ನು ಸರ್ವರಿಗೆ ಸಿಕ್ಕಿಸಿದರೆ ಸುತ್ತು ಪೂರ್ತಿ. ಅದು ನೇತಾಡುವವರೆಗೆ ಏನೂ ಆಗುವಂತಿರಲಿಲ್ಲ. ಮಷೀನು ಎದ್ದ ಕೂಡಲೇ ನೆಟ್‌ವರ್ಕ್ ಬಂತು. ಕೈ ತಟ್ಟಿಕೊಂಡೆ.

ದಸರೆಯ ಹಿಂದಿನ ದಿನ ಖಂಡೇ ಪೂಜೆ, ಅಂದರೆ ಆಯುಧಪೂಜೆ. ನಮ್ಮ ಮನೆಯಲ್ಲಿ ಈಳಿಗೆಮಣೆ, ಸ್ಕೂಟರಿನ ಕೀಲಿ, ನನ್ನ ಲ್ಯಾಪ್‌ಟಾಪ್, ಎಲ್ಲಕ್ಕೂ ಚೆಂಡುಹೂವು. ಅತ್ತ ಕಾಕಾ ರ‍್ಯಾಕನ್ನು ಒರೆಸಿ, ಬಾಗಿಲಿಗೆ ಮಾಲೆ ಹಾಕಿ, ಕುಂಕುಮ ಮಷೀನಿಗೆ ತಾಗದಂತೆ ಬಾಗಿಲಿನ ಚೌಕಟ್ಟಿಗಷ್ಟೇ ಹಚ್ಚಿ, ಎಲ್ಲದರ ಕೊನೆಗೆ ವೈರುಗಳನ್ನು ಒಪ್ಪ ಮಾಡಿ, ಹತ್ತು ಗಂಟೆಗೆ ಫೋಟೊ ಕಳಿಸಿದರು. ಒಳಗಿನ ವೈರುಗಳೆಲ್ಲ ಜಡೆ ಹೆಣೆದ ಹಾಗೆ ಒಪ್ಪವಾಗಿದ್ದವು. ಮಾಲೀಕರು ಆ ಫೋಟೊವನ್ನು ಕಂಪನಿಯ ಗುಂಪಿಗೆ ಹಾಕಿದರು. ನಾನು ಆರತಿ ತಟ್ಟೆ ಹಿಡಿದಿದ್ದೆ.

"ಆಯಿ, ಫೋನ್!" ಮಗಳು ಕೂಗಿದಳು. "ಸಾರಖಾ ವಾಜತೋಯ್!" ಒಂದೇ ಸಮ ಬಡಿದುಕೊಳ್ಳುತ್ತಿದೆ ಎಂದು.

ನಿಜ. ಎಚ್ಚರಿಕೆಯ ಸಂದೇಶಗಳು ಒಂದರ ಮೇಲೊಂದು ಬೀಳುತ್ತಿದ್ದವು. ನಮ್ಮ ಹೊಸ ಸರ್ವರ್ ಸಿಗುತ್ತಿಲ್ಲ, ಪಕ್ಕದಲ್ಲಿದ್ದ ನಮ್ಮ ಹಳೆಯವೂ ಸಿಗುತ್ತಿಲ್ಲ. ಅಷ್ಟೇ ಅಲ್ಲ, ಅದೇ ಸ್ವಿಚ್ಚಿಗೆ ಹಚ್ಚಿದ್ದ ಬೇರೆ ಕಂಪನಿಗಳವೂ ಇಲ್ಲ. ಆರತಿ ತಟ್ಟೆ ಕೆಳಗಿಟ್ಟೆ. ಕಾಕಾ ಫೋನ್ ಎತ್ತಲಿಲ್ಲ. ಇಪ್ಪತ್ತು ಸಲ ಹಚ್ಚಿದೆ. ಮುಕ್ಕಾಲು ಗಂಟೆಯ ಮೇಲೆ ಎಲ್ಲವೂ ತಾವಾಗಿ ಮರಳಿದವು, ಆಮೇಲೆ ಅವರದೇ ಕರೆ ಬಂತು.

"ಮೇಡಂರಿ, ಆ ಎರಡನೇ ವೈರ್ ನಾ ಹಚ್ಚಿದ್ದೆ. ಇಲ್ಲಿ ಸೆಂಟರಿನ ಸಾಹೇಬರು ಬಂದು ಕಿತ್ತರು. ಈಗ ಎಲ್ಲಾ ಚಾಲೂ ಆಗ್ಯದ."

"ಅದನ್ನ ಯಾಕ ಹಚ್ಚಿದ್ರಿ ಕಾಕಾ? ಮುಟ್ಟಬ್ಯಾಡ್ರಿ ಅಂತ ಹೇಳಿದ್ದೆ ಇಲ್ಲೋ?"

"ಹೌದ್ರಿ. ನೀವು ಹೇಳಿದ್ರಿ. ನಾನೇ ಮರ್ತೆ," ಎಂದರು.

ನಾನು ಬಾಯಿಗೆ ಬಂದಂತೆ ಬೈದೆ. ವಯಸ್ಸು ನೋಡಲಿಲ್ಲ, ಹಬ್ಬ ನೋಡಲಿಲ್ಲ. ನನ್ನ ಮಾನ ಕಳೆದಿರಿ, ನಿಮ್ಮನ್ನು ಕೆಲಸಕ್ಕೆ ಹಚ್ಚಿದ್ದೇ ತಪ್ಪಾಯಿತು ಎಂದೆ. ಅವರು "ಹೌದ್ರಿ, ಹೌದ್ರಿ," ಎನ್ನುತ್ತಲೇ ಇದ್ದರು.

ಮಧ್ಯಾಹ್ನ ಮಾಲೀಕರ ಕರೆ. ಡೇಟಾ ಸೆಂಟರಿನ ಉಸ್ತುವಾರಿ ಅಧಿಕಾರಿ ಬರವಣಿಗೆಯಲ್ಲಿ ದೂರು ಕೊಟ್ಟಿದ್ದರು. ಮಾಲೀಕರು ಕೂಗಾಡುವವರಲ್ಲ, ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: "ಮೇಡಂ, ಆತ ಒಳ್ಳೆಯ ಮನುಷ್ಯ, ಆದರೆ ಇನ್ನು ಇಟ್ಟುಕೊಳ್ಳಲಾಗದು. ತಾನೇ ಒಪ್ಪಿಕೊಂಡಿದ್ದಾನೆ. ಹೇಳಿದ್ದನ್ನು ಮೀರಿ ವೈರ್ ಹಚ್ಚಿದ ಎಂದು ನಾಳೆ ಸಂಜೆಯೊಳಗೆ ವರದಿ ಬರೆದು ಕೊಡಿ. ಅವನನ್ನು ತಂದವರು ನೀವು, ನೀವೇ ಬರೆದರೆ ಚೆಂದ." ಸರ್ವರ್ ಚಾಲೂ ಮಾಡುವ ಮುಹೂರ್ತವನ್ನು ಎರಡು ದಿನ ಮುಂದೆ ಹಾಕಿದ್ದರು.

ಸಿಟ್ಟಿನಲ್ಲಿ ಆಗಲಿ ಎಂದೆ. ಆದರೆ ರಾತ್ರಿಯಿಡೀ ಹೊರಳಾಡಿದೆ. ಸುತ್ತು ಬಿದ್ದರೂ ಹಿಡಿಯಬೇಕಾದ ಕಾವಲನ್ನು ತೆಗೆದವಳು ನಾನೇ ಎಂಬುದು ಆಗಲೇ ಒಳಗೆ ಚುಚ್ಚುತ್ತಿತ್ತು. ಅದಕ್ಕೆ ಒಂದು ಸಮಾಧಾನವನ್ನೂ ಕಟ್ಟಿಕೊಂಡಿದ್ದೆ: ತೆಗೆದರೇನು, ಮುಟ್ಟಬೇಡಿ ಎಂದು ಹೇಳಿದ್ದೆನಲ್ಲ.

ದಸರೆಯ ಬೆಳಿಗ್ಗೆ ನಾಸಿಕ್ ರೋಡಿನಲ್ಲಿ ರೈಲು ಹತ್ತಿದೆ. ಸರ್ವರನ್ನು ಕೈಯಾರೆ ನೋಡದೆ ಎರಡನೇ ಮುಹೂರ್ತಕ್ಕೆ ಒಪ್ಪುವ ಧೈರ್ಯ ನನಗಿರಲಿಲ್ಲ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ವರದಿ ಶುರು ಮಾಡಿದೆ. "ಈ ವೈರನ್ನು ಹಚ್ಚಬಾರದೆಂದು ಸ್ಥಳದಲ್ಲಿದ್ದ ಟೆಕ್ನೀಷಿಯನ್ನರಿಗೆ ಮೊದಲೇ ತಿಳಿಸಲಾಗಿತ್ತು," ಎಂದು ಬರೆದು ನಿಂತೆ. ಯಾವಾಗ ತಿಳಿಸಿದ್ದು? ವರದಿಗೆ ಹೊತ್ತು ಬೇಕು. ಟಿಕೆಟ್ಟಿನಲ್ಲಿ ಹುಡುಕಿದರೆ ಅಲ್ಲೇನಿದೆ, ನಾವು ಬರೆದರೆ ತಾನೇ! ಆದರೆ ಗ್ರಾಹಕರು ಆಡಿದ ಮಾತು ತಪ್ಪದಿರಲಿ ಎಂದು ನಾನು ಫೋನಿನಲ್ಲಿ ಎಲ್ಲ ಕರೆಗಳೂ ರೆಕಾರ್ಡ್ ಆಗುವಂತೆ ಇಟ್ಟಿದ್ದೆ. ಕಾಕಾನ ಕರೆಗಳನ್ನು ಮೊದಲಿನಿಂದ ಕೇಳುತ್ತ ಹೋದೆ. ಒಂದರಲ್ಲೂ ಆ ಮಾತಿಲ್ಲ. ಕಾಲು ಅದುರಿಸುತ್ತ ಕೂತಿದ್ದೆ, ಎದುರಿನ ಸೀಟಿನ ಹೆಂಗಸು ಎರಡು ಸಲ ನನ್ನ ಮೊಣಕಾಲು ನೋಡಿದಳು.

ಮನ್ಮಾಡಿನಲ್ಲಿ ರೈಲು ನಿಂತಿದ್ದಾಗ ಕೊನೆಯ ಕರೆಗೆ ಬಂದೆ. ಖಂಡೇ ಪೂಜೆಯ ಹಿಂದಿನ ಸಂಜೆಯದು. ಹಿನ್ನೆಲೆಯಲ್ಲಿ ನನ್ನ ಕುಕ್ಕರ್ ಕೂಗುತ್ತಿದೆ.

"ಮೇಡಂರಿ, ರ‍್ಯಾಕ್ ಎಲ್ಲಾ ಒರಸ್ಲತ್ತೀನಿ. ಇಲ್ಲಿ ಎರಡನೇ ನಂಬರಿನ ವೈರ್ ಒಂದು ಹಂಗೇ ನೇತಾಡ್ತದ. ಏನ್ ಮಾಡ್ಲಿ?"

"ಅಯ್ಯ, ನೇತಾಡೋದು ಒಂದೂ ಇರಬಾರದು ಕಾಕಾ! ನಾಳೆ ಫೋಟೊ ಮಾಲಕರಿಗೆ ಹೋಗ್ತದ. ನಂಬರ್ ನೋಡಿ ಎಲ್ಲಾ ಅದರದರ ಜಾಗಾದಾಗ ಹಾಕ್ರಿ. ಇಡ್ತೀನಿ, ಅನ್ನ ಹೊತ್ತಲತದ."

ಅದೇ ನನ್ನ ಧ್ವನಿ. ಮೂರು ಸಲ ಕೇಳಿದೆ. ಆ ವೈರಿಗೂ ಆ ಕಾರ್ಡಿಗೂ ಎರಡು ಎಂಬ ಚೀಟಿ ಅಂಟಿಸಲು ಹೇಳಿದವಳೂ ನಾನೇ. ಅವರು ಕೇಳಿದ್ದಾರೆ, ನಾನು ಹೇಳಿದ್ದೇನೆ, ಅವರು ಹೇಳಿದಂತೆ ಮಾಡಿದ್ದಾರೆ. ಮುಟ್ಟಬೇಡಿ ಎಂದು ಹೇಳಿದ ನೆನಪನ್ನು ಮಾತ್ರ ನಾನು ಎಲ್ಲಿಂದ ತಂದೆನೋ, ದೇವರಿಗೇ ಗೊತ್ತು. ಕಿಟಕಿಯ ಹೊರಗೆ ಚಹಾದವನು ಬೇಕೇ ಎಂದು ಕೇಳುತ್ತಿದ್ದ, ನಾನು ಕಿಟಕಿ ಇಳಿಸಿದೆ.

ಮನ್ಮಾಡಿನಿಂದ ಮುಂದಿನ ಎರಡು ಗಂಟೆ ನನ್ನ ತಲೆ ಕೆಟ್ಟದ್ದನ್ನೇ ಯೋಚಿಸಿತು, ಅದನ್ನೂ ಹೇಳಿಬಿಡುತ್ತೇನೆ. ಈ ರೆಕಾರ್ಡಿಂಗ್ ಇರುವುದು ನನ್ನ ಫೋನಿನಲ್ಲಿ ಮಾತ್ರ. ಯಾರಿಗಾದರೂ ಕೇಳಿಸಿದರೂ ನಮ್ಮ ಕಂಪನಿಯಲ್ಲಿ ಕನ್ನಡ ತಿಳಿಯುವವರು ನಾವಿಬ್ಬರೇ. ಒಬ್ಬರು ಆಗಲೇ ತಪ್ಪು ಒಪ್ಪಿಕೊಂಡಾಗಿದೆ. ಒಂದು ಬೆರಳಲ್ಲಿ ಅಳಿಸಿದರೆ ಮುಗಿಯಿತು. ಬೆರಳು ಅಲ್ಲಿಯವರೆಗೂ ಹೋಗಿತ್ತು. ತೆಗೆದು ಫೋನನ್ನು ಚೀಲದ ತಳಕ್ಕೆ ತುರುಕಿದೆ.

ಡೇಟಾ ಸೆಂಟರಿನ ಬಾಗಿಲಲ್ಲಿ ಕಾಕಾ ನಿಂತಿದ್ದರು. ಅದೇ ಇಸ್ತ್ರಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಬಹುಶಃ ಇವತ್ತೇ ಕೊನೆ ಎಂದು ಅವರಿಗೂ ಗೊತ್ತಿತ್ತು. ನಾನು ಚಪ್ಪಲಿ ಬಿಡುವ ಮೊದಲೇ ಸಿಡಿದೆ.

"ಕಾಕಾ, ಆ ವೈರ್ ಹಚ್ಚು ಅಂದಾಕಿ ನಾನೇ. ನಿಮಗ ನೆನಪಿಲ್ಲೇನು?"

"ನೆನಪದರಿ."

"ಮತ್ತ ಮರ್ತೆ ಅಂತ ಯಾಕ ಹೇಳಿದ್ರಿ?"

ಅವರು ಚೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು: "ನೀವು ಹೋದ್ರ ಈ ಸರ್ವರ್ ಯಾರಿಗಿ ತಿಳಿತದ್ರಿ? ನಾ ಹೋದ್ರ ಏನ್, ವೈರ್ ಯಾರರ ಹಚ್ಚತಾರ. ಮತ್ತ, ನನಗ ಕೆಲಸಕ್ಕ ಹಚ್ಚಿದವ್ರು ನೀವು. ನಿಮ್ಮ ಹೆಸರು ನಾ ಹ್ಯಾಂಗ ಹೇಳ್ಲಿ?"

"ನಾ ಕೇಳಿದ್ನ್ಯಾ ನಿಮಗ, ನನ್ನ ಹೆಸರು ಕಾಯ್ರಿ ಅಂತ?" ಎಂದು ಕೂಗಿದೆ. ಕೂಗಿದ್ದು ಅವರ ಮೇಲಲ್ಲ. ಕಣ್ಣು ತುಂಬಿ ಬಂತು, ಅದಕ್ಕೂ ಸಿಟ್ಟು ಬಂತು. ಕಾವಲುಗಾರ ಎದ್ದು ನಿಂತು ನಮ್ಮಿಬ್ಬರನ್ನೂ ನೋಡಿದ.

ಆಗಲೇ ನಿರ್ಧರಿಸಿದೆ. ಬರೀ ತಪ್ಪು ನನ್ನದು ಎಂದರೆ ಸಾಲದು. ಊರವರೆಂದು ಉಳಿಸಿಕೊಳ್ಳುತ್ತಿದ್ದಾಳೆ ಎಂದೇ ಎಲ್ಲರೂ ತಿಳಿಯುತ್ತಾರೆ. ಕಣ್ಣಾರೆ ತೋರಿಸಬೇಕು. ಉಸ್ತುವಾರಿ ಅಧಿಕಾರಿಯನ್ನು ಕೇಳಿಕೊಂಡು ಉಗ್ರಾಣದಿಂದ ಒಂದು ಬಿಡಿ ಸ್ವಿಚ್ ತರಿಸಿದೆ. ಹೊಸ ಸರ್ವರಿನಲ್ಲಿ ಇನ್ನೂ ಯಾರ ಕೆಲಸವೂ ಶುರುವಾಗಿರಲಿಲ್ಲ, ಹಾಗಾಗಿ ಅದನ್ನು ರ‍್ಯಾಕಿನಿಂದ ಬೇರ್ಪಡಿಸಿ ಈ ಬಿಡಿ ಸ್ವಿಚ್ಚಿಗಷ್ಟೇ ಹಚ್ಚಿದೆ. ಎಷ್ಟು ಸುತ್ತಿದರೂ ಇಲ್ಲೇ ಸುತ್ತಿಕೊಳ್ಳಲಿ. ಮಾಲೀಕರಿಗೆ ವಿಡಿಯೊ ಕರೆ ಮಾಡಿ ಫೋನನ್ನು ಕಪಾಟಿಗೆ ಒರಗಿಸಿದೆ. ಬನ್ನಿ ಹಂಚುವ ಗಡಿಬಿಡಿಯಲ್ಲಿದ್ದ ಅವರು ಟೋಪಿ ಹಾಕಿಕೊಂಡೇ ಕೂತರು.

"ಈಗ ಸೆಟ್ಟಿಂಗ್ ನಿನ್ನೆ ಇದ್ದಂತೆಯೇ ಇದೆ," ಎಂದು ಮರಾಠಿಯಲ್ಲಿ ಹೇಳಿ, ಕನ್ನಡದಲ್ಲಿ, "ಕಾಕಾ, ಎರಡನೇ ವೈರ್ ಹಚ್ಚರಿ," ಎಂದೆ.

ಅವರು ಕೈ ಮುಂದೆ ಮಾಡಲಿಲ್ಲ. "ಬ್ಯಾಡ್ರಿ ಮೇಡಂರಿ, ಮತ್ತೊಮ್ಮ ಬ್ಯಾಡ."

"ಹಚ್ಚರಿ. ನಾ ಇದ್ದೀನಿ."

ಹಚ್ಚಿದರು. ಒಂದು ಉಸಿರಿನೊಳಗೆ ಸ್ವಿಚ್ಚಿನ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿಣುಕತೊಡಗಿದವು. ಪರದೆಯ ಮೇಲೆ ಎಣಿಕೆ ಏರುತ್ತಲೇ ಹೋಯಿತು, ಕೀಬೋರ್ಡಿನಲ್ಲಿ ಒತ್ತಿದ ಅಕ್ಷರ ತಡವರಿಸಿ ಮೂಡುತ್ತಿತ್ತು. ಕಾಕಾ ತಾವಾಗಿಯೇ ವೈರ್ ಕಿತ್ತು ಹಿಂದೆ ಸರಿದರು. ನಾನು ಫೈಲ್ ತೆರೆದು ಒಂದೇ ಒಂದು ಮಾತು ಬದಲಿಸಿದೆ, ಕಾವಲನ್ನು ಮರಳಿ ಇಟ್ಟೆ. ಮತ್ತೆ ಹಚ್ಚಲು ಹೇಳಿದೆ. ಟಕ್ ಎಂದು ವೈರ್ ಕೂತಿತು. ದೀಪಗಳು ಶಾಂತವಾಗಿದ್ದವು. ಹತ್ತು ಸೆಕೆಂಡ್, ಇಪ್ಪತ್ತು, ಮೂವತ್ತು. ಎರಡನೇ ಬಾಗಿಲು ಮುಚ್ಚಲಾಗಿದೆ ಎಂದು ಪರದೆಯ ಮೇಲೆ ಬಂತು. ಅಷ್ಟೇ. ಅದೇ ವೈರ್, ಅದೇ ಕೈ.

ಉಸ್ತುವಾರಿ ಅಧಿಕಾರಿ ಕಾಕಾನ ಕಡೆ ನೋಡಿ ತಲೆಯಾಡಿಸಿದರು. ಮಾಲೀಕರು ಟೋಪಿ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ, "ಮೇಡಂ, ಇದನ್ನು ಬರೆಯಲೇಬೇಕೇ? ಗ್ರಾಹಕರೂ ಆ ವರದಿ ಓದುತ್ತಾರೆ," ಎಂದರು.

"ಬರೆಯುತ್ತೇನೆ," ಎಂದೆ.

ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತು ಬರೆದೆ. ಕರೆಯ ಒಂದೊಂದು ಮಾತನ್ನೂ ಮರಾಠಿಗೆ ಇಳಿಸಿದೆ, ಅನ್ನ ಹೊತ್ತುತ್ತಿದೆ ಎಂದದ್ದನ್ನೂ ಬಿಡದೆ. ರೆಕಾರ್ಡಿಂಗನ್ನೂ ಜೊತೆಗೆ ಲಗತ್ತಿಸಿದೆ. ಆಮೇಲೆ ಎರಡನೇ ಕಾರ್ಡನ್ನು ಬ್ರಿಡ್ಜಿನಿಂದ ತೆಗೆದೆ, ಆ ವೈರನ್ನು ಸ್ವಿಚ್ಚಿನ ಕಡೆಯಿಂದಲೂ ಬಿಚ್ಚಿಸಿದೆ. ಲ್ಯಾಬಿನ ಪ್ರೋಗ್ರಾಮಿಗೆ ನೆಟ್‌ವರ್ಕ್ ಬರುವವರೆಗೆ ಕಾಯುವ ಸಾಲನ್ನೂ ಬರೆದೆ. ನಾಲ್ಕು ನಿಮಿಷದ ಕೆಲಸ. ಹೊರಡುವಾಗ ಕಾಕಾ ಜೇಬಿನಿಂದ ಬನ್ನಿ ಎಲೆ ತೆಗೆದು ಕೊಟ್ಟರು. ತೆಗೆದುಕೊಂಡು ಅವರ ಕಾಲು ಮುಟ್ಟಿದೆ. "ಅಯ್ಯಯ್ಯ, ಏನ್ರಿ ಇದು," ಎಂದು ಗಾಬರಿಯಾಗಿ ಹಿಂದೆ ಸರಿದು ರ‍್ಯಾಕಿಗೆ ಬೆನ್ನು ಬಡಿಸಿಕೊಂಡರು.

ಕಾಕಾನ ಕೆಲಸ ಉಳಿಯಿತು. ಆ ಸರ್ವರಿನ ಪೂರ್ತಿ ಅಧಿಕಾರವನ್ನು ಮಾಲೀಕರು ನನ್ನಿಂದ ತೆಗೆದು ಇನ್ನೊಬ್ಬಳಿಗೆ ಕೊಟ್ಟರು. ಈಗ ನಾನು ಬರೆದ ಪ್ರತಿ ಬದಲಾವಣೆಯನ್ನೂ, ನನಗಿಂತ ಹನ್ನೊಂದು ವರ್ಷ ಕಿರಿಯಳಾದ ಆಕೆ ಓದಿ ಒಪ್ಪಬೇಕು. ಚುಚ್ಚುತ್ತದೆ. ಸುಳ್ಳು ಹೇಳಲಾರೆ.

ಮೊನ್ನೆ ಒಂದು ಡಿಸ್ಕ್ ಬದಲಿಸಬೇಕಿತ್ತು. ಮಗಳನ್ನು ಕ್ಲಾಸಿಗೆ ಬಿಡುವ ಗಡಿಬಿಡಿಯಲ್ಲಿ ಸ್ಕೂಟರ್ ಮೇಲೆ ಕೂತೇ ಕಾಕಾಗೆ ಫೋನ್ ಹಚ್ಚಿ, "ಕಾಕಾ, ಮೂರನೇದು ತೆಗೆದು ಹೊಸಾದು ಹಾಕಿಬಿಡ್ರಿ, ಜಲ್ದಿ," ಎಂದೆ.

"ಬರದು ಕಳಸ್ರಿ ಮೇಡಂರಿ."

"ಅಯ್ಯ ಕಾಕಾ, ಒಂದು ಡಿಸ್ಕಿಗಿ ಏನ್ ಬರೀಲಿ? ನಾ ಹೇಳ್ಲತ್ತೀನಲ್ಲ?"

"ಹೌದ್ರಿ, ಹೇಳ್ಲತ್ತೀರಿ," ಎಂದರು ಅವರು, ಅಷ್ಟೇ ಮೆಲ್ಲಗೆ. "ಬರದು ಕಳಸ್ರಿ. ಅಲ್ಲೀತನಕ ನಾ ಕೈ ಹಚ್ಚಂಗಿಲ್ಲ."

ಮೈ ಉರಿಯಿತು. ಮಗಳನ್ನು ಇಳಿಸಿ, ಸ್ಕೂಟರ್ ಪಕ್ಕಕ್ಕೆ ನಿಲ್ಲಿಸಿ, ಬಿಸಿಲಲ್ಲಿ ನಿಂತುಕೊಂಡೇ ಟಿಕೆಟ್ ತೆರೆದು ಬರೆಯತೊಡಗಿದೆ. ಮೂರನೆಯ ಡಿಸ್ಕ್ ಎಂದು ಬರೆದು, ಖಾತ್ರಿ ಮಾಡಿಕೊಳ್ಳಲು ಪಟ್ಟಿ ತೆರೆದು ನೋಡಿದೆ. ಕೆಟ್ಟಿದ್ದದ್ದು ನಾಲ್ಕನೆಯದು.